ರಿಪೋರ್ಟ್ ನಾರ್ಮಲ್, ನೋವು ಖರೆ

ಅಕ್ಕಾರೇ, ನಾನು ಹಿರೇಕೆರೂರು ತಾಲೂಕಿನವಳು, ವಯಸ್ಸು 43. ಹತ್ತು ಹನ್ನೆರಡು ವರ್ಷ ಬೀಜದ ಹತ್ತಿ ಹೊಲಕ್ಕೆ ಕ್ರಾಸಿಂಗ್ ಕೆಲಸಕ್ಕೆ ಹೋಗಿದ್ದೇನೆ. ಮೂರು ವರ್ಷದಿಂದ ಮೈಯೆಲ್ಲ ನೋವು. ಮೊದಲು ಕುತ್ತಿಗೆ, ಆಮೇಲೆ ಹೆಗಲು, ಸೊಂಟ. ಈಗ ಇಂಥಲ್ಲಿ ಎಂದು ಬೆರಳಿಟ್ಟು ತೋರಿಸುವ ಹಾಗಿಲ್ಲ. ಯಾರಾದರೂ ಪ್ರೀತಿಯಿಂದ ತೋಳು ಹಿಡಿದರೂ ಚುರ್ರೆನ್ನುತ್ತದೆ. ನಿದ್ದೆ ಬರುತ್ತದೆ, ಆದರೆ ಬೆಳಗ್ಗೆ ಯಾರೋ ಬಡಿದು ಹಾಕಿದ ಹಾಗಿರುತ್ತದೆ. ಒಲೆಯ ಮೇಲೆ ಏನಿಟ್ಟೆ ಅನ್ನುವುದೂ ಮರೆಯುತ್ತದೆ. ಹಾವೇರಿ, ದಾವಣಗೆರೆ, ಹುಬ್ಬಳ್ಳಿ ಎಲ್ಲ ಕಡೆ ತೋರಿಸಿದೆವು. ಎಕ್ಸ್‌ರೇ, ರಕ್ತ, ಸ್ಕ್ಯಾನಿಂಗ್ ಎಲ್ಲ ನಾರ್ಮಲ್. ಕಡೆಗೆ ಒಬ್ಬ ಡಾಕ್ಟರು ಚೀಟಿಯಲ್ಲಿ ‘ಫೈಬ್ರೊಮಯಾಲ್ಜಿಯ’ ಎಂದು ಬರೆದು ರಾತ್ರಿ ತೆಗೆದುಕೊಳ್ಳಲು ಒಂದು ಗುಳಿಗೆ ಕೊಟ್ಟರು. ಅದು ತಲೆ ಕೆಟ್ಟವರ ಗುಳಿಗೆ ಎಂದು ಯಾರೋ ಅಂದದ್ದಕ್ಕೆ ಬಿಟ್ಟೆ. ನಮ್ಮ ಅತ್ತೆ “ರಿಪೋರ್ಟಿನ್ಯಾಗ ಏನೂ ಇಲ್ಲಂದಮ್ಯಾಲೆ ಇದೆಲ್ಲಾ ಸೋಗು” ಅನ್ನುತ್ತಾರೆ. ಆರು ತಿಂಗಳ ಹಿಂದೆ ಸಂಬಂಧಿಕರೊಬ್ಬರು ನಾಟಿ ಔಷಧದ ಪುಡಿ ತಂದುಕೊಟ್ಟರು. ನಾಲ್ಕೇ ದಿನದಲ್ಲಿ ನೋವು ಮಾಯ. ಈಗ ಒಂದು ಹೊತ್ತು ತಪ್ಪಿದರೆ ಏಳಲು ಆಗುವುದಿಲ್ಲ. ಮುಖ ಉಬ್ಬಿದೆ, ಕಂಡವರೆಲ್ಲ ಮೈ ಹಿಡಿದಿದ್ದೀ ಅನ್ನುತ್ತಾರೆ. ಇಂಗ್ಲಿಷ್ ಔಷಧದ ಸಹವಾಸ ಬೇಡ, ಪೂರ್ತಿ ನೈಸರ್ಗಿಕವಾಗಿ ವಾಸಿ ಮಾಡಿಕೊಳ್ಳುವ ದಾರಿ ಹೇಳಿ. ಒಮ್ಮೊಮ್ಮೆ ಸಾಕಪ್ಪಾ ಈ ಜೀವ ಅನ್ನಿಸುತ್ತದೆ. ಹೆಸರು ಹಾಕಬೇಡಿ.

ತಂಗಿ, ಪತ್ರದ ಕೊನೆಯಲ್ಲಿ ಹಾದಿಹೋಕ ಮಾತಿನಂತೆ ಹೇಳಿ ಮುಗಿಸಿದ್ದೀರಲ್ಲ, ಆ ಪುಡಿಯ ಸುದ್ದಿ ಮತ್ತು ಸಾಕಪ್ಪಾ ಅನ್ನಿಸುವ ಸುದ್ದಿ, ಅಲ್ಲಿಂದಲೇ ಶುರು ಮಾಡುತ್ತೇನೆ. ಉಳಿದದ್ದಕ್ಕೆ ನಾಲ್ಕು ದಿನ ತಡವಾದರೂ ನಡೆಯುತ್ತದೆ.

ಪುಡಿಯನ್ನು ಇವತ್ತೇ ನಿಲ್ಲಿಸಬೇಡಿ. ತಕ್ಷಣ ತಿಪ್ಪೆಗೆ ಎಸೆಯಿರಿ ಅನ್ನುತ್ತೇನೆ ಎಂದು ನೀವು ಎಣಿಸಿರಬಹುದು, ನನಗೂ ಬಾಯಿಗೆ ಮೊದಲು ಬಂದದ್ದು ಅದೇ. ಆದರೆ ಮೂರು ವರ್ಷದ ನೋವು ನಾಲ್ಕು ದಿನದಲ್ಲಿ ಮಾಯವಾಗುವುದು, ಮುಖ ದುಂಡಗೆ ಉಬ್ಬುವುದು, ಒಂದು ಹೊತ್ತು ತಪ್ಪಿದರೆ ಏಳಲಾಗದಿರುವುದು, ಈ ಮೂರೂ ಒಟ್ಟಿಗೆ ಕಂಡರೆ ಪುಡಿಯಲ್ಲಿ ಸ್ಟಿರಾಯ್ಡ್ ಬೆರೆತಿದೆ ಎಂಬ ಗುಮಾನಿ ಯಾವ ಡಾಕ್ಟರಿಗೂ ಬರುತ್ತದೆ. ಡೆಕ್ಸಾಮೆಥಾಸೋನ್, ಪ್ರೆಡ್ನಿಸೊಲೋನ್ ಎಂಬ ಗುಳಿಗೆಗಳು ಬಲು ಅಗ್ಗ. ಅರೆದು ಬೇರಿನ ಪುಡಿಗೆ ಬೆರೆಸಿದರೆ ಬಣ್ಣದಿಂದಾಗಲಿ ವಾಸನೆಯಿಂದಾಗಲಿ ಗೊತ್ತಾಗುವುದಿಲ್ಲ. ಕೀಲುನೋವಿನ ‘ಗಿಡಮೂಲಿಕೆ’ ಪುಡಿಗಳಲ್ಲಿ ಇವು ಸಿಕ್ಕ ಪ್ರಸಂಗಗಳು ವೈದ್ಯಕೀಯ ದಾಖಲೆಗಳಲ್ಲಿ ಬೇಕಾದಷ್ಟಿವೆ. ತಿಂಗಳುಗಟ್ಟಲೆ ಹೊರಗಿನಿಂದ ಸ್ಟಿರಾಯ್ಡ್ ಸಿಗುತ್ತಿದ್ದರೆ, ಅದನ್ನು ಮೈಯೊಳಗೇ ತಯಾರಿಸಬೇಕಾದ ಅಡ್ರಿನಲ್ ಗ್ರಂಥಿ ಕೈಕಟ್ಟಿ ಕೂತುಬಿಡುತ್ತದೆ. ಆಗ ಪುಡಿಯನ್ನು ಒಮ್ಮೆಲೇ ಬಿಟ್ಟರೆ ವಾಂತಿ, ವಿಪರೀತ ಸುಸ್ತು, ರಕ್ತದೊತ್ತಡ ಕುಸಿದು ಎಚ್ಚರ ತಪ್ಪುವುದು, ಜೀವಕ್ಕೇ ಅಪಾಯ. ಆದ್ದರಿಂದ ಎರಡು ಮೂರು ದಿನದೊಳಗೆ ಪುಡಿಯ ಪೊಟ್ಟಣ ಹಿಡಿದುಕೊಂಡೇ ಎಂ.ಡಿ. ಮಾಡಿದ ಫಿಜಿಷಿಯನ್ ಹತ್ತಿರ ಹೋಗಿ. ಬಿಪಿ, ಸಕ್ಕರೆ ನೋಡುತ್ತಾರೆ, ಬೇಕಾದರೆ ಕಾರ್ಟಿಸಾಲ್ ಪರೀಕ್ಷೆ ಬರೆಯುತ್ತಾರೆ. ಗುಮಾನಿ ನಿಜವಾದರೆ ಅಳತೆ ಗೊತ್ತಿರುವ ಗುಳಿಗೆ ಕೊಟ್ಟು, ವಾರ ವಾರಕ್ಕೆ ಕಡಿಮೆ ಮಾಡುತ್ತ ಬಿಡಿಸುತ್ತಾರೆ. ಅಷ್ಟರೊಳಗೆ ವಾಂತಿ, ಕಣ್ಣು ಕತ್ತಲೆ ಶುರುವಾದರೆ ಕಾಯಬೇಡಿ, ಅವತ್ತೇ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಕೋಪ ಬರದಿದ್ದರೆ ಒಂದು ಮಾತು. ಡಾಕ್ಟರು ಅಳೆದು ಬರೆದುಕೊಟ್ಟ ಒಂದು ಗುಳಿಗೆಗೆ ಹೆದರಿ ಬಿಟ್ಟವರು, ಯಾರೂ ಅಳೆಯದ ಇಂಗ್ಲಿಷ್ ಔಷಧವನ್ನು ಆರು ತಿಂಗಳು ನಾಟಿ ಔಷಧವೆಂದು ತಿಂದಿರಬಹುದು. ತಪ್ಪು ನಿಮ್ಮದಲ್ಲ, ಪೊಟ್ಟಣದ ಮೇಲೆ ಬರೆಯದೆ ಮಾರಿದವರದು.

ಇನ್ನು ಆ ಎರಡನೆಯದು. ಸಾಕಪ್ಪಾ ಅನ್ನಿಸಿದಾಗ ಬರೀ ಬೇಸರವೇ, ಅಥವಾ ಹೀಗೆ ಮಾಡಿಕೊಳ್ಳಬೇಕು ಎಂದು ಮನಸ್ಸು ದಾರಿ ಹುಡುಕುತ್ತದೆಯೇ? ನೇರವಾಗಿ ಕೇಳುತ್ತಿದ್ದೇನೆ, ನೀವೂ ಯಾರಾದರೊಬ್ಬರಿಗೆ ನೇರವಾಗಿಯೇ ಹೇಳಿ. ಗಂಡನಿಗೆ, ತವರಿನ ಅಣ್ಣನಿಗೆ, ಪಕ್ಕದ ಮನೆಯವರಿಗೆ, ಆಶಾ ಕಾರ್ಯಕರ್ತೆಗೆ. ಯಾರೂ ಬೇಡವೆಂದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎಂದು 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ ಅದು. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ವರ್ಷಗಟ್ಟಲೆ ನೋಯುವ ಮೈಯಲ್ಲಿ ಮನಸ್ಸು ಸೋಲುವುದು ನಾನು ವಾರಕ್ಕೊಮ್ಮೆಯಾದರೂ ಕಾಣುವ ಸಂಗತಿ, ಅದಕ್ಕೆ ಮದ್ದಿದೆ.

ಈಗ ನಿಮ್ಮ ಅತ್ತೆಯವರ ಮಾತಿಗೆ ಬರೋಣ. ರಿಪೋರ್ಟಿನಲ್ಲಿ ಇಲ್ಲವೆಂದರೆ ರೋಗವೇ ಇಲ್ಲ ಎಂಬುದು ಅವರೊಬ್ಬರ ಅಭಿಪ್ರಾಯವಲ್ಲ, ಬಹಳ ಕಾಲ ವೈದ್ಯರೂ ಹಾಗೇ ತಿಳಿದಿದ್ದರು. ಫೈಬ್ರೊಮಯಾಲ್ಜಿಯವನ್ನು ತೋರಿಸುವ ಎಕ್ಸ್‌ರೇ ಇಲ್ಲ, ರಕ್ತಪರೀಕ್ಷೆ ಇಲ್ಲ. 1990ರಲ್ಲಿ ಅಮೆರಿಕದ ಸಂಧಿವಾತ ತಜ್ಞರ ಸಂಘ ಮೈಮೇಲೆ 18 ಜಾಗ ಗುರುತಿಸಿ, ಒತ್ತಿದಾಗ 11ರಲ್ಲಾದರೂ ನೋವಾದರೆ ಈ ರೋಗ ಎಂದಿತು. ಒತ್ತುವ ಬೆರಳಿನ ಮೇಲೆ ಲೆಕ್ಕ ಬದಲಾಗುತ್ತದೆ ಎಂಬ ತಕರಾರು ಬಂದು, 2010ರಲ್ಲಿ ಕ್ರಮ ಬದಲಾಯಿತು: ಮೂರು ತಿಂಗಳಾದರೂ ಮೈಯ ಹಲವು ಭಾಗಗಳಲ್ಲಿ ನೋವು, ಜೊತೆಗೆ ದಣಿವು, ತಾಜಾತನ ಕೊಡದ ನಿದ್ದೆ, ಮರೆವು. ನಿಮ್ಮ ಪತ್ರವನ್ನು ನೋಡಿಯೇ ಬರೆದ ಹಾಗಿದೆ, ಒಲೆಯ ಮೇಲೆ ಏನಿಟ್ಟೆ ಎಂದು ಮರೆಯುವುದು ಸಹಿತ.

ಊರ ಜಾತ್ರೆಯ ಮೈಕಿನವನು ಆಂಪ್ಲಿಫೈಯರ್ ಗುಂಡಿಯನ್ನು ಪೂರ್ತಿ ತಿರುವಿಟ್ಟರೆ ಏನಾಗುತ್ತದೆ? ಮೈಕಿನ ಮುಂದೆ ಯಾರೋ ಮೆಲ್ಲಗೆ ಕೆಮ್ಮಿದರೂ ಊರೆಲ್ಲ ಗುಡುಗಿದ ಹಾಗೆ ಕೇಳುತ್ತದೆ. ಆಗ ಕಂಬಕ್ಕೆ ಕಟ್ಟಿದ ಹಾರ್ನ್ ಇಳಿಸಿ ನೋಡಿ, ವೈರು ಎಳೆದು ನೋಡಿ, ಎಲ್ಲ ನೆಟ್ಟಗೇ ಇರುತ್ತದೆ. ಫೈಬ್ರೊಮಯಾಲ್ಜಿಯದಲ್ಲಿ ಮಿದುಳು ಮತ್ತು ಬೆನ್ನುಹುರಿಯಲ್ಲಿ ನೋವನ್ನು ಏರಿಸಿ ಇಳಿಸುವ ಗುಂಡಿ ಹೀಗೆ ಏರಿ ಕೂತಿರುತ್ತದೆ. ಎಕ್ಸ್‌ರೇ ಹಾರ್ನಿನ ಫೋಟೊ ತೆಗೆಯುತ್ತದೆ, ಗುಂಡಿಯದ್ದಲ್ಲ. ಇದರಲ್ಲಿ ಒಂದು ಸಮಾಧಾನವೂ ಉಂಟು: ಈ ರೋಗ ಕೀಲು ಸವೆಸುವುದಿಲ್ಲ, ಕೈಕಾಲು ಸೊಟ್ಟ ಮಾಡುವುದಿಲ್ಲ, ಮಲಗಿಸಿ ಬಿಡುವುದಿಲ್ಲ.

ನಿದ್ದೆಯ ಮಾತು ಇಲ್ಲೇ ಹೇಳಬೇಕು. 1975ರಲ್ಲಿ ಕೆನಡಾದ ಹಾರ್ವೆ ಮೊಲ್ಡೋಫ್ಸ್ಕಿ ಎಂಬ ವೈದ್ಯರು ಆರೋಗ್ಯವಾಗಿದ್ದ ಹುಡುಗರನ್ನು ಮಲಗಿಸಿ, ಗಾಢನಿದ್ದೆ ಹತ್ತಿದಾಗಲೆಲ್ಲ ಸದ್ದು ಮಾಡಿ ಅದನ್ನು ಕೆಡಿಸಿದರು. ಕೆಲವೇ ರಾತ್ರಿಗಳಲ್ಲಿ ಆ ಹುಡುಗರಿಗೂ ಮೈಕೈ ನೋವು, ದಣಿವು ಶುರುವಾಯಿತು. ಡಾಕ್ಟರು ನಿಮಗೆ ರಾತ್ರಿ ಗುಳಿಗೆ ಕೊಟ್ಟದ್ದರ ಹಿಂದೆ ಈ ತಿಳಿವಳಿಕೆಯಿದೆ. ಹೆಸರು ನೀವು ಬರೆದಿಲ್ಲ, ಸಾಮಾನ್ಯವಾಗಿ ಕೊಡುವುದು ಅಮಿಟ್ರಿಪ್ಟಿಲಿನ್, 10 ಅಥವಾ 25 ಮಿಲಿಗ್ರಾಂ. ಖಿನ್ನತೆಗೆ ಕೊಡುವಾಗ ಅದರ ಅಳತೆ ಇದರ ಹಲವು ಪಟ್ಟು. ಇಲ್ಲಿ ಅದರ ಕೆಲಸ ನಿದ್ದೆಯನ್ನು ಗಾಢ ಮಾಡುವುದು, ಆ ಗುಂಡಿಯನ್ನು ಒಂದಿಷ್ಟು ಇಳಿಸುವುದು. ಬಾಯಿ ಒಣಗುತ್ತದೆ, ಮೊದಲ ವಾರ ಬೆಳಗ್ಗೆ ಮಂಪರು ಇರುತ್ತದೆ, ಎಲ್ಲರಿಗೂ ಒಗ್ಗುವುದಿಲ್ಲ. ಒಗ್ಗದಿದ್ದರೆ ಡಾಕ್ಟರಿಗೆ ಹೇಳಿ ಬದಲಿಸಿಕೊಳ್ಳಿ. ತಲೆ ಕೆಟ್ಟವರ ಗುಳಿಗೆ ಎಂಬ ಮಾತಿಗೆ ಮಾತ್ರ ಬಿಡಬೇಡಿ.

ನಿಮ್ಮ ಪತ್ರದ ಜೊತೆಗೇ ಇದೇ ಸೀಮೆಯ ಇನ್ನೂ ಮೂರು ಪತ್ರಗಳು ಮೇಜಿನ ಮೇಲಿವೆ. ಹಾನಗಲ್ಲಿನಿಂದ ಒಬ್ಬರು ಪ್ರಕೃತಿ ಚಿಕಿತ್ಸೆಗೆ ಹೋಗಲೇ ಎಂದು ಕೇಳಿದ್ದಾರೆ. ಶಿಗ್ಗಾಂವಿಯ ಶಿಕ್ಷಕಿ ಯೋಗ, ಅಕ್ಯುಪಂಕ್ಚರ್ ಬಗ್ಗೆ ಕೇಳಿದ್ದಾರೆ. ಸವಣೂರಿನವರಿಗೆ ಚಿಕೂನ್‌ಗುನ್ಯ ಬಂದುಹೋಗಿ ವರ್ಷವಾದರೂ ಕೀಲುನೋವು ಬಿಟ್ಟಿಲ್ಲ, ಲಕ್ಕಿ ಸೊಪ್ಪಿನ ನೀರು ಹಾಕಿಕೊಂಡರೆ ಆದೀತೇ ಎನ್ನುತ್ತಾರೆ. 2006ರಲ್ಲಿ ಚಿಕೂನ್‌ಗುನ್ಯ ನಮ್ಮ ರಾಜ್ಯವನ್ನು ಹಾಸಿ ಹೊದ್ದು ಮಲಗಿಸಿದ್ದನ್ನು ಕಂಡವರಿಗೆ, ಆ ಜ್ವರ ಹೋದರೂ ನೋವು ಉಳಿಯುವುದು ಹೊಸದಲ್ಲ. ನಾಲ್ವರ ಪ್ರಶ್ನೆಯೂ ಒಂದೇ ಆದ್ದರಿಂದ ಉತ್ತರವನ್ನೂ ಕೂಡಿಸಿಯೇ ಬರೆಯುತ್ತೇನೆ.

2016ರಲ್ಲಿ ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ, ಈ ರೋಗಕ್ಕೆ ಯಾವುದು ಎಷ್ಟು ನಾಟುತ್ತದೆ ಎಂದು ತೂಗಿ ನೋಡಿತು. ಗುಳಿಗೆ, ಸೂಜಿ, ನೀರು, ಧ್ಯಾನ ಎಲ್ಲ ತಕ್ಕಡಿಗೆ ಬಂದವು. ಹಿಂಜರಿಕೆಯಿಲ್ಲದೆ ‘ಮಾಡಿ’ ಎಂದು ಹೇಳಿದ್ದು ಒಂದಕ್ಕೆ ಮಾತ್ರ, ವ್ಯಾಯಾಮಕ್ಕೆ. ಯೋಗದಂತಹ ಮೆಲ್ಲನೆಯ ಚಲನೆ, ಬಿಸಿನೀರಿನ ಚಿಕಿತ್ಸೆ, ಅಕ್ಯುಪಂಕ್ಚರ್, ಆಪ್ತ ಸಮಾಲೋಚನೆ ಇವುಗಳಿಗೆ ‘ಮಾಡಿ ನೋಡಬಹುದು’ ಎಂದಿತು. ಕೆಲವು ಗುಳಿಗೆಗಳಿಗೂ ಅಷ್ಟೇ ಅಂಕ. ಅಂದರೆ ತಂಗಿ, ನೀವು ಕೇಳಿದ ನೈಸರ್ಗಿಕ ದಾರಿಯೇ ಈ ರೋಗಕ್ಕೆ ಹೆದ್ದಾರಿ. ಅದರಲ್ಲಿ ನಾಲ್ಕು ದಿನದ ಪವಾಡವಿಲ್ಲ, ಅಷ್ಟೇ.

“ದಿನವಿಡೀ ಹೊಲದಾಗ ದುಡಿಯಾಕಿಗೆ ಮತ್ತ ವ್ಯಾಯಾಮ ಯಾಕ್ರಿ?” ಎಂದು ನೀವು ಕೇಳುವುದು ನನಗೆ ಇಲ್ಲಿಗೇ ಕೇಳಿಸುತ್ತಿದೆ. ನ್ಯಾಯವಾದ ಪ್ರಶ್ನೆ. 1972ರಲ್ಲಿ ಧಾರವಾಡದಿಂದ ವರಲಕ್ಷ್ಮಿ ಹತ್ತಿ ಬಂದ ಮೇಲೆ ಹೈಬ್ರಿಡ್ ಬೀಜ ಮಾಡುವ ಕೆಲಸ ನಿಮ್ಮ ಕಡೆಯ ಹೆಣ್ಣುಮಕ್ಕಳ ಬೆರಳಿನ ಮೇಲೆಯೇ ನಡೆದಿದೆ. ಮಧ್ಯಾಹ್ನದ ಮೇಲೆ ಮೊಗ್ಗು ಸೀಳಿ ಗಂಡುಭಾಗ ತೆಗೆಯಬೇಕು, ಮರುದಿನ ಬೆಳಗ್ಗೆ ಬಿಸಿಲೇರುವುದರೊಳಗೆ ಪರಾಗ ಮುಟ್ಟಿಸಬೇಕು. ಹೂವು ಯಾರಿಗೂ ಕಾಯುವುದಿಲ್ಲ. ಕುತ್ತಿಗೆ ಬಗ್ಗಿಸಿ, ತೋಳು ಎತ್ತಿ ಹಿಡಿದು, ಹೆಬ್ಬೆರಳು ತೋರುಬೆರಳಿನಿಂದ ಸಾವಿರಾರು ಸಲ ಅದೇ ಚಿವುಟುವ ಕೆಲಸ. ನಿಮ್ಮ ನೋವು ಕುತ್ತಿಗೆ, ಹೆಗಲಿನಲ್ಲೇ ಶುರುವಾದದ್ದು ನನಗೇನೂ ಆಶ್ಚರ್ಯವಿಲ್ಲ. ದುಡಿಮೆಯಲ್ಲಿ ವೇಗ ಹೊಲದ್ದು, ಹೊತ್ತು ಹೊಲದ್ದು. ವ್ಯಾಯಾಮದಲ್ಲಿ ಎರಡೂ ನಿಮ್ಮವು, ಸಾಕೆನಿಸಿದಾಗ ನಿಲ್ಲಬಹುದು. ಮೈ ಎರಡನ್ನೂ ಬೇರೆ ಬೇರೆಯಾಗಿಯೇ ಲೆಕ್ಕ ಹಿಡಿಯುತ್ತದೆ.

ಹಾಗಾದರೆ ಎಷ್ಟು? ದಿನಕ್ಕೆ ಐದು ನಿಮಿಷದ ನಡಿಗೆಯಿಂದ ಶುರು ಮಾಡಿ. ನಗಬೇಡಿ. ಒಂದು ವಾರ ಪೂರ್ತಿ ಐದೇ ನಿಮಿಷ, ಮುಂದಿನ ವಾರ ಆರೋ ಏಳೋ. ನೋವಿದ್ದ ದಿನವೂ ಅಷ್ಟೇ, ಆರಾಮವಿದ್ದ ದಿನವೂ ಅಷ್ಟೇ. ಈ ಎರಡನೆಯದೇ ಕಷ್ಟ. ಈ ನೋವಿನ ಹೆಣ್ಣುಮಕ್ಕಳು ಎಡವುವುದು ಆರಾಮವಿದ್ದ ದಿನ. ಬೆಳಗ್ಗೆ ಎದ್ದಾಗ ಮೈ ಹಗುರ ಅನ್ನಿಸಿತೋ, ಮನೆಯ ಕೌದಿಗಳನ್ನೆಲ್ಲ ಹೊತ್ತು ಒಗೆಯಲು ಹೊರಟುಬಿಡುತ್ತಾರೆ. ನೀರು ಕುಡಿದ ಕೌದಿ ಎಷ್ಟು ಭಾರ ಎಂದು ನಿಮಗೆ ನಾನು ಹೇಳಬೇಕೆ? ಮರುದಿನದಿಂದ ನಾಲ್ಕು ದಿನ ಹಾಸಿಗೆ, ಹಾಸಿಗೆಯಿಂದ ಎದ್ದ ಮೇಲೆ ಬಾಕಿ ಕೆಲಸದ ರಾಶಿ, ಮತ್ತೆ ಒಂದೇ ದಿನಕ್ಕೆ ಎಲ್ಲ. ಕೌದಿ ಒಂದು ದಿನಕ್ಕೆ ಒಂದೇ, ಅದೂ ಇಬ್ಬರು ಹಿಂಡಬೇಕು. ಕೊಡ ಅರ್ಧ ತುಂಬಿ. ರೊಟ್ಟಿಯನ್ನು ದಿನಾ ಎರಡು ಹೊತ್ತು ಬಡಿಯುವ ಬದಲು ವಾರಕ್ಕೆರಡು ಸಲ ಖಡಕ್ ರೊಟ್ಟಿ ಮಾಡಿಟ್ಟುಕೊಳ್ಳಿ, ಅದು ನಿಮ್ಮ ಕಡೆಯವರಿಗೆ ಹೊಸದೇನಲ್ಲ. ಕೆಲಸ ಮುಗಿಯುವ ತನಕ ಮಾಡುವುದನ್ನು ಬಿಟ್ಟು, ಅರ್ಧ ತಾಸು ಮಾಡಿ ಹತ್ತು ನಿಮಿಷ ಕೂಡುವುದನ್ನು ಕಲಿಯಿರಿ. ಮೂರು ತಿಂಗಳಿಗೆ ಫರಕು ಕಾಣಲು ಶುರುವಾಗುತ್ತದೆ. ನೋವು ಪೂರ್ತಿ ಹೋಗುತ್ತದೆಂದು ಮಾತು ಕೊಡಲಾರೆ. ಕೆಳದನಿಗೆ ಇಳಿಯುತ್ತದೆ, ಒಳ್ಳೆಯ ದಿನಗಳು ಹೆಚ್ಚುತ್ತವೆ.

ಶಿಗ್ಗಾಂವಿಯ ಶಿಕ್ಷಕಿಯವರೇ, ಯೋಗ ಖಂಡಿತ ಮಾಡಿ. ಮೊದಲ ದಿನವೇ ಕಾಲ್ಬೆರಳು ಮುಟ್ಟಿಸುವ ಗುರುಗಳ ಹತ್ತಿರ ಬೇಡ. ಉಸಿರಿನ ಜೊತೆ ಕೈಕಾಲು ಆಡಿಸುವುದು, ಮಕರಾಸನ, ಶವಾಸನ ಇಷ್ಟು ಸಾಕು. ಅಕ್ಯುಪಂಕ್ಚರ್ ಕೆಲವರಿಗೆ ಕೆಲವು ವಾರದ ಆರಾಮ ಕೊಡುತ್ತದೆ, ದುಡ್ಡು ಮತ್ತು ಓಡಾಟ ನಿಮಗೆ ಭಾರವಾಗದಿದ್ದರೆ ಅಡ್ಡಿಯಿಲ್ಲ.

ಸವಣೂರಿನವರಿಗೆ: ಲಕ್ಕಿ ಸೊಪ್ಪು ಕುದಿಸಿದ ನೀರಿನ ಪರವಾಗಿ ನನ್ನ ಮತ ಇದ್ದೇ ಇದೆ. ನನ್ನ ತಾಯಿ ಅಮಾವಾಸ್ಯೆ ಮುಂದೆ ತಾಮ್ರದ ಹಂಡೆಯಲ್ಲಿ ಅದನ್ನು ಕುದಿಸುತ್ತಿದ್ದ ವಾಸನೆ ಇವತ್ತಿಗೂ ಮೂಗಿನಲ್ಲಿದೆ. ಸೊಪ್ಪಿನ ಗುಣವೆಷ್ಟು, ಬಿಸಿನೀರಿನ ಗುಣವೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಬಿಸಿ ಮಾತ್ರ ಸ್ನಾಯು ಸಡಿಲಿಸಿ ನಿದ್ದೆಗೆ ದಾರಿ ಮಾಡುವುದು ದಿಟ, ಆದ್ದರಿಂದ ಬೆಳಗ್ಗೆಗಿಂತ ಮಲಗುವ ಒಂದೆರಡು ತಾಸು ಮುಂಚೆ ಹಾಕಿಕೊಳ್ಳಿ. ಔಡಲೆಣ್ಣೆಯೋ ಕೊಬ್ಬರಿ ಎಣ್ಣೆಯೋ ಬೆಚ್ಚಗೆ ಮಾಡಿ ಮೆಲ್ಲಗೆ ಸವರಿ, ತಿಕ್ಕಿ ತುಳಿಸಿಕೊಳ್ಳಬೇಡಿ. ಏರಿ ಕೂತ ಗುಂಡಿ ಒತ್ತಿದಷ್ಟೂ ಏರುತ್ತದೆ. ನಿಮ್ಮೂರಿನ ವೀಳ್ಯದೆಲೆಯ ಮೇಲೆ ನನಗೆ ಮುನಿಸಿಲ್ಲ, ಆದರೆ ಅದರೊಳಗೆ ಮಡಚುವ ತಂಬಾಕು ನಿದ್ದೆಯನ್ನೂ ನೋವನ್ನೂ ಕೆಡಿಸುತ್ತದೆ. ಮತ್ತು ಒಂದು ವಿಷಯ: ಕೀಲು ಬಾತಿದ್ದರೆ, ಬೆಳಗಿನ ಬಿಗಿತ ತಾಸಿಗಿಂತ ಹೆಚ್ಚು ಹೊತ್ತು ಬಿಡದಿದ್ದರೆ ಅದು ಬೇರೆ ರೋಗವಿರಬಹುದು. ಚಿಕೂನ್‌ಗುನ್ಯದ ಬಾಲವೆಂದು ಕೂರದೆ ತೋರಿಸಿ.

ಹಾನಗಲ್ಲಿನವರು ಪ್ರಕೃತಿ ಚಿಕಿತ್ಸೆಗೆ ಹತ್ತು ದಿನ ಹೋಗಿಬರಲಿ, ಅಡ್ಡಿಯಿಲ್ಲ. ಬಿಸಿನೀರು, ಮಣ್ಣುಪಟ್ಟಿ, ಹೊತ್ತಿಗೆ ಸರಿಯಾದ ಊಟ ನಿದ್ದೆ, ಮನೆಯ ತಾಪತ್ರಯದಿಂದ ರಜೆ, ಇವೆಲ್ಲ ಹಿತವೇ. ಮರಳಿ ಬಂದ ಹದಿನೈದು ದಿನಕ್ಕೆ ನೋವೂ ಮರಳಿದರೆ ಚಿಕಿತ್ಸೆ ಸುಳ್ಳೆಂದಲ್ಲ, ಅಲ್ಲಿ ಮಾಡಿದ್ದನ್ನು ಇಲ್ಲಿ ಬಿಟ್ಟಿದ್ದೀರಿ ಎಂದರ್ಥ. ಸಕ್ಕರೆ ಕಾಯಿಲೆಯ ಗುಳಿಗೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಉಪವಾಸದ ಕ್ರಮಕ್ಕೆ ಇಳಿಯಬಾರದು. ಪಥ್ಯದ ಬಗ್ಗೆ ಎಲ್ಲರೂ ಕೇಳುತ್ತಾರೆ. ಬದನೆಕಾಯಿ ಬಿಟ್ಟರೆ, ಆಲೂಗಡ್ಡೆ ಬಿಟ್ಟರೆ ಈ ನೋವು ಬಿಡುತ್ತದೆ ಎಂಬುದಕ್ಕೆ ಆಧಾರವಿಲ್ಲ. ಜೋಳ, ಬೇಳೆ, ಕಾಳು, ಸೊಪ್ಪು, ಮಜ್ಜಿಗೆ ಹೊಟ್ಟೆ ತುಂಬ ಉಣ್ಣಿ, ಸಂಜೆ ನಾಲ್ಕರ ಮೇಲೆ ಚಹಾ ಬಿಡಿ.

ಬೇಡವೆನ್ನುವುದೂ ಕೆಲವಿವೆ. ಬರೆ ಹಾಕಿಸಿಕೊಳ್ಳಬೇಡಿ. ಕಟಿಂಗ್ ಅಂಗಡಿಯಲ್ಲಿ ಕುತ್ತಿಗೆ ತಿರುವಿ ನೆಟಿಗೆ ತೆಗೆಸಬೇಡಿ, ಮಿದುಳಿಗೆ ಹೋಗುವ ರಕ್ತನಾಳ ಹರಿದು ಲಕ್ವ ಹೊಡೆದ ಪ್ರಸಂಗಗಳಿವೆ. ಪಾದರಸ, ಸೀಸ ಸೇರಿದ ಭಸ್ಮಗಳನ್ನು ಗೊತ್ತುಗುರಿಯಿಲ್ಲದೆ ನುಂಗಬೇಡಿ. ಬಾಸ್ಟನ್ ನಗರದಲ್ಲಿ ಮಾರುತ್ತಿದ್ದ, ನಮ್ಮ ಕಡೆಯಿಂದ ಹೋದ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು, 2004ರ ವರದಿ ಅದು. ಆಯುರ್ವೇದ ಬೇಕೆಂದರೆ ಸರ್ಕಾರಿ ಆಯುಷ್ ಆಸ್ಪತ್ರೆಗೆ, ಬಿ.ಎ.ಎಂ.ಎಸ್. ಓದಿದವರ ಹತ್ತಿರ ಹೋಗಿ, ಔಷಧದ ಹೆಸರು ಬರೆಸಿಕೊಳ್ಳಿ. ಹೆಸರು ಹೇಳಲು ಒಲ್ಲೆ ಎನ್ನುವವರ ಔಷಧ ನಿಮಗೂ ಬೇಡ. ಹಾಗೆಯೇ ನೋವಿನ ಗುಳಿಗೆಗಳನ್ನು ಅಂಗಡಿಯಿಂದ ತಂದು ದಿನಾ ನುಂಗುವುದೂ ಬೇಡ, ಈ ರೋಗಕ್ಕೆ ಅವು ನಾಟುವುದು ಕಡಿಮೆ, ಹೊಟ್ಟೆಗೂ ಮೂತ್ರಪಿಂಡಕ್ಕೂ ನಾಟುವುದು ಹೆಚ್ಚು.

ತಂಗಿ, ಥೈರಾಯ್ಡ್, ಹಿಮೋಗ್ಲೋಬಿನ್, ಬಿ-12, ಡಿ ವಿಟಮಿನ್ ನೋಡಿದ್ದಾರೆಯೇ ಎಂದು ಹಳೆಯ ಕಾಗದಗಳಲ್ಲಿ ತೆಗೆದು ನೋಡಿ. ಇಲ್ಲವಾದರೆ ಒಮ್ಮೆ ಮಾಡಿಸಿ, ಇವುಗಳ ಕೊರತೆಯೂ ಇಂಥದೇ ವೇಷ ಹಾಕುತ್ತದೆ. ಮನಸ್ಸಿನ ಬೇಸರಕ್ಕಾದರೆ, ತಾಲೂಕು ಆಸ್ಪತ್ರೆಗಳಿಗೆ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ಮನೋವೈದ್ಯರು ಬರುತ್ತಾರೆ, ಸಾಮಾನ್ಯವಾಗಿ ಮಂಗಳವಾರ. ಮೊದಲೇ ವಿಚಾರಿಸಿ ಹೋಗಿ. ಅಲ್ಲಿಗೆ ಹೋದರೆ ಹುಚ್ಚರೆಂದು ಚೀಟಿ ಅಂಟುವುದಿಲ್ಲ.

ಸರ್ವಜ್ಞನ ಸೀಮೆಯಿಂದ ಬಂದ ಪತ್ರವೆಂದು ಒಂದು ತ್ರಿಪದಿ ಹೇಳಿ ಜಾಣತನ ತೋರಿಸುವ ಆಸೆಯಾಯಿತು, ತಡೆದುಕೊಂಡೆ. ಅದರ ಬದಲು ನಿಮ್ಮ ಯಜಮಾನರಿಗೆ ಎರಡು ಮಾತು ಬರೆಯುತ್ತೇನೆ, ಈ ಪುಟ ಅವರ ಕೈಗೆ ಕೊಡಿ. ಅಣ್ಣಾವ್ರೇ, ಮೂರು ಊರು ತಿರುಗಿಸಿ ಖರ್ಚು ಮಾಡಿದ್ದೀರಿ, ಅದು ಸಣ್ಣ ಮಾತಲ್ಲ. ಇನ್ನು ಬೇಕಾದದ್ದಕ್ಕೆ ಖರ್ಚಿಲ್ಲ. ನಿಮ್ಮ ತಾಯಿಯವರ ಮುಂದೆ ಒಮ್ಮೆ “ಆಕಿ ನೋವು ಖರೇ ಐತಿ” ಎಂದು ಬಾಯಿಬಿಟ್ಟು ಹೇಳಿ. ನೀರಿನ ಕೊಡ ನೀವು ಹೊರಿ. ಸಂಜೆಯ ಐದು ನಿಮಿಷ ಆಕೆಯ ಜೊತೆ ನಡೆಯಿರಿ, ಊರ ಮಂದಿ ಏನಾದರೂ ಅಂದುಕೊಳ್ಳಲಿ.

ತಂಗಿ, ಪುಡಿಯ ಪೊಟ್ಟಣ ಜೋಪಾನ, ಡಾಕ್ಟರಿಗೆ ತೋರಿಸಲು ಅದು ಬೇಕು. ಹೋಗಿ ಬಂದ ಮೇಲೆ ಇನ್ನೊಂದು ಕಾಗದ ಬರೆಯಿರಿ. ಹೆಸರು ಹಾಕದಿದ್ದರೂ ಪರವಾಗಿಲ್ಲ, ಎಷ್ಟು ನಿಮಿಷಕ್ಕೆ ಬಂದಿರಿ ಎಂದು ತಿಳಿಸಿ.